ಬೆರಳ ಗೆಣ್ಣಿನ ಮೇಲೆ ಇಸ್ಪೀಟಿನ ಲೆಕ್ಕ

ನಾನು ಕೆಲವು ವರ್ಷ ಕ್ಯಾಸಿನೋದಲ್ಲಿ ಎಲೆ ಹಂಚುವ ಕೆಲಸ ಮಾಡಿದ್ದೆ ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ಬ್ಲ್ಯಾಕ್‌ಜಾಕ್ ಆಟದಲ್ಲಿ ಎಲೆ ಎಣಿಸುವ ಪದ್ಧತಿಗಳಲ್ಲಿ ಯಾವುದು ಒಳ್ಳೆಯದು? ವೆಲ್ಲಿಂಗ್ಟನ್ನಿನ ನನ್ನ ಈಗಿನ ಆಫೀಸಿನಲ್ಲಿ ದಿನವಿಡೀ ಸರ್ಕಾರಿ ಅಂಕಿಗಳ ಮುಂದೆ ಆಕಳಿಸುವವರೂ ಈ ಪ್ರಶ್ನೆ ಕೇಳುವಾಗ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ಅಷ್ಟು ಹೊತ್ತು ನಿಂತು ಕಾಲು ನೋಯುತ್ತಿರಲಿಲ್ಲವೇ ಎಂದು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ. ನೋಯುತ್ತಿತ್ತು.

ಹುಬ್ಬಳ್ಳಿಯಿಂದ ಸಂಖ್ಯಾಶಾಸ್ತ್ರ ಓದಲು ನ್ಯೂಜಿಲೆಂಡಿಗೆ ಬಂದವಳು ನಾನು. ಓದು ಮುಗಿದಾಗ ಕೈಯಲ್ಲಿ ಡಿಗ್ರಿ ಇತ್ತು, ಕೆಲಸ ಇರಲಿಲ್ಲ. ಇಂಟರ್‌ವ್ಯೂಗೆ ಹೋದಲ್ಲೆಲ್ಲ ಈ ದೇಶದ ಅನುಭವ ಇದೆಯೇ ಎಂದು ಕೇಳುತ್ತಿದ್ದರು. ನೀವು ಕೆಲಸ ಕೊಡದೆ ಅನುಭವವನ್ನು ಎಲ್ಲಿಂದ ತರಲಿ ಎಂದು ಒಬ್ಬನನ್ನು ಕೇಳಿಯೇಬಿಟ್ಟೆ. ಆ ಕೆಲಸವೂ ಸಿಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಕ್ಯಾಸಿನೋದವರು ಮಾತ್ರ ಕೂಡಿಸಿ ಕಳೆಯುವುದು ಎಷ್ಟು ಬೇಗ ಬರುತ್ತದೆ ಎಂದು ನೋಡಿ ತೆಗೆದುಕೊಂಡರು. ಅದು ಯಾವ ಊರಿನದು ಎಂದು ಹೇಳುವುದಿಲ್ಲ, ಈ ದೇಶದಲ್ಲಿ ಕ್ಯಾಸಿನೋ ಇರುವ ಊರುಗಳೇ ಬೆರಳೆಣಿಕೆಯಷ್ಟು. ನಮ್ಮದು ನಮಾಜು ತಪ್ಪಿಸದ ಮನೆ, ಜೂಜೆಂದರೆ ಹರಾಮು. ಅಬ್ಬಾನಿಗೆ ಹೋಟೆಲಿನಲ್ಲಿ ಕೆಲಸ ಎಂದು ಹೇಳಿದ್ದೆ. ಆ ಕಟ್ಟಡದಲ್ಲಿ ಒಂದು ಊಟದ ಹೋಟೆಲು ಇದ್ದದ್ದು ನಿಜ, ನಾನು ಅಲ್ಲಿ ಊಟ ಮಾಡುತ್ತಿದ್ದದ್ದೂ ನಿಜ.

ಆಟ ಸರಳ. ಮೇಜಿನ ಮುಂದೆ ಕೂತವರು ಒಂದೊಂದೇ ಎಲೆ ಕೇಳುತ್ತ ಇಪ್ಪತ್ತೊಂದರ ಹತ್ತಿರ ಹೋಗಬೇಕು, ಅದನ್ನು ದಾಟಬಾರದು. ಡೀಲರಿಗಿಂತ ಹತ್ತಿರ ಹೋದವರು ಗೆದ್ದಂತೆ. ಆರು ಪ್ಯಾಕು ಎಲೆಯನ್ನು ಕಲಸಿ ಒಂದು ಡಬ್ಬಿಯಲ್ಲಿ ಇಟ್ಟುಕೊಂಡು ಹಂಚುತ್ತೇವೆ. ಚಿಕ್ಕ ಎಲೆಗಳು ಮೊದಲೇ ಖರ್ಚಾಗಿ ರಾಜ, ರಾಣಿ, ಎಕ್ಕಾಗಳು ಡಬ್ಬಿಯಲ್ಲಿ ಹೆಚ್ಚು ಉಳಿದಿದ್ದರೆ ಆಡುವವನಿಗೆ ಅನುಕೂಲ. ಎಣಿಸುವವನು ಕಾಯುವುದು ಆ ಗಳಿಗೆಗೆ, ಆಗ ಪಣ ಏರಿಸುತ್ತಾನೆ. ಇದೇನೂ ಅಪರಾಧವಲ್ಲ, ಬರೀ ತಲೆಯ ಕೆಲಸ. ಆದರೆ ಅಂಗಡಿ ಇಟ್ಟವರಿಗೆ ಅಂಥ ಗಿರಾಕಿ ಬೇಡ. ಗೊತ್ತಾದರೆ ಇನ್ನು ಬರಬೇಡಿ ಎಂದು ಕಾಗದ ಕೊಟ್ಟು ಕಳಿಸುತ್ತಿದ್ದರು. ಅಂಥವರನ್ನು ಗುರುತಿಸಬೇಕಲ್ಲ, ಅದಕ್ಕಾಗಿ ನಮಗೂ ಎಣಿಸಲು ಕಲಿಸಿದರು.

ಕಲಿಸಿದವಳು ನಮ್ಮ ಮೇಲ್ವಿಚಾರಕಿ, ಇಲ್ಲಿಯೇ ಹುಟ್ಟಿ ಬೆಳೆದ, ನನ್ನ ಅಮ್ಮೀಯ ವಯಸ್ಸಿನ ಹೆಂಗಸು. ಪದ್ಧತಿಗಳು ಬೇಕಾದಷ್ಟಿವೆ, ಮೂರು ಕಲಿತರೆ ಉಳಿದವು ಅವುಗಳ ಮಕ್ಕಳು ಮೊಮ್ಮಕ್ಕಳು ಎಂದಳು. ಮೊದಲನೆಯದು ಎಲ್ಲರಿಗೂ ಗೊತ್ತಿರುವ ಹೈ-ಲೋ. ಎರಡರಿಂದ ಆರರವರೆಗಿನ ಎಲೆ ಬಂದರೆ ಒಂದು ಕೂಡಿಸು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕಾ ಬಂದರೆ ಒಂದು ಕಳೆ. ಏಳು, ಎಂಟು, ಒಂಬತ್ತನ್ನು ಬಿಟ್ಟುಬಿಡು. ಬಂದ ಮೊತ್ತವನ್ನು ಡಬ್ಬಿಯಲ್ಲಿ ಇನ್ನೆಷ್ಟು ಪ್ಯಾಕು ಉಳಿದಿದೆಯೋ ಅದರಿಂದ ಭಾಗಿಸು. ಎರಡನೆಯದು ಆ ಭಾಗಾಕಾರಕ್ಕೆ ಬೇಸತ್ತವರದು. ಅದರಲ್ಲಿ ಏಳಕ್ಕೂ ಒಂದು ಕೂಡಿಸುತ್ತಾರೆ, ಅದರಿಂದ ಕೂಡುವ ಎಲೆಗಳು ಕಳೆಯುವ ಎಲೆಗಳಿಗಿಂತ ಹೆಚ್ಚಾಗುತ್ತವೆ, ಹಾಗಾಗಿ ಸೊನ್ನೆಯ ಬದಲು ಅದಕ್ಕಿಂತ ಕೆಳಗಿನ ಒಂದು ಸಂಖ್ಯೆಯಿಂದ ಶುರು ಮಾಡುತ್ತಾರೆ. ಕೊನೆಗೆ ಭಾಗಿಸುವ ಗೋಜಿಲ್ಲ. ಮೂರನೆಯದು ಜಾಣರದು: ಕೆಲವು ಎಲೆಗೆ ಒಂದು, ನಾಲ್ಕು, ಐದು, ಆರಕ್ಕೆ ಎರಡು, ಹತ್ತಕ್ಕೂ ಚಿತ್ರದ ಎಲೆಗಳಿಗೂ ಎರಡು ಕಳೆಯುವುದು, ಎಕ್ಕಾಗಳ ಲೆಕ್ಕ ಬೇರೆ. ಕಾಗದದ ಮೇಲೆ ಇದೇ ಎಲ್ಲಕ್ಕಿಂತ ನಿಖರ.

ಮೇಜಿನ ಈಚೆ ನಿಂತವಳಿಗೆ ಈ ಮೂರೂ ಬೇರೆ ಥರ ಕಾಣುತ್ತವೆ. ಮೂರನೆಯದನ್ನು ಹಿಡಿದವನ ಹಣೆಯಲ್ಲಿ ಗಂಟು ಬಿದ್ದಿರುತ್ತದೆ, ಪಾನೀಯ ತಂದುಕೊಟ್ಟ ಹುಡುಗಿಗೆ ಥ್ಯಾಂಕ್ಸ್ ಹೇಳಿದರೆ ಲೆಕ್ಕ ತಪ್ಪುತ್ತದೆ. ಎರಡನೆಯದನ್ನು ಹಿಡಿದವನು ಆರಾಮಾಗಿರುತ್ತಾನೆ, ಆದರೆ ಡಬ್ಬಿಯ ಮೊದಲರ್ಧದಲ್ಲಿ ಅವನ ಲೆಕ್ಕ ಅಷ್ಟು ನಂಬುವಂಥದಲ್ಲ. ಹೈ-ಲೋದವನು ಡಬ್ಬಿಯ ಪಕ್ಕದಲ್ಲಿ ಪೇರಿಸಿಟ್ಟ ಖರ್ಚಾದ ಎಲೆಗಳನ್ನು ಆಗಾಗ ಕಣ್ಣಲ್ಲೇ ಅಳೆಯುತ್ತಾನೆ, ಭಾಗಿಸಬೇಕಲ್ಲ. ನನ್ನನ್ನು ಕೇಳಿದರೆ ಅದೇ ವಾಸಿ. ಗದ್ದಲದ ನಡುವೆ, ಸೋಲುವ ಹೊತ್ತಿನಲ್ಲೂ ಯಾವುದನ್ನು ತಪ್ಪದೆ ಮಾಡಬಲ್ಲೆವೋ ಅದೇ ಒಳ್ಳೆಯ ಪದ್ಧತಿ. ಇಷ್ಟು ಹೇಳಿದರೆ ಆಫೀಸಿನವರ ಮುಖ ಸಪ್ಪಗಾಗುತ್ತದೆ. ಅವರಿಗೆ ಗುಟ್ಟು ಬೇಕಿರುತ್ತದೆ.

ನಾನು ಅಲ್ಲಿದ್ದಾಗಿನ ಒಂದು ಚಳಿಗಾಲದಲ್ಲಿ ನನ್ನ ಮೇಜಿಗೆ ಒಬ್ಬ ಅಂಕಲ್ ಬರತೊಡಗಿದರು. ಐವತ್ತು ದಾಟಿದವರು, ಬೋಳು ತಲೆ, ಕನ್ನಡಕ, ಇಸ್ತ್ರಿ ಮಾಡಿದ ಆಫೀಸಿನ ಶರ್ಟು. ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಸಂಜೆಯವರೆಗೆ ಕೂರುತ್ತಿದ್ದರು. ಎಲೆ ತಿರುಗಿಸಿದಾಗ ಗಂಟಲಲ್ಲೇ "ಹೋತು" ಎನ್ನುವುದು ಕೇಳಿ ನಮ್ಮ ಕಡೆಯವರು ಎಂದು ಗೊತ್ತಾಯಿತು. ಮೇಜಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡುವಂತಿಲ್ಲ ಎಂಬುದು ನಿಯಮ, ನಾನೂ ಸುಮ್ಮನಿದ್ದೆ. ನಮ್ಮವರು ಕಂಡರೆಂದು ಹಲ್ಲು ಕಿರಿಯುವ ಸ್ವಭಾವ ನನ್ನದಲ್ಲ.

ಅವರ ಬಲಗೈ ಮೇಜಿನ ಅಂಚಿನ ಮೇಲಿರುತ್ತಿತ್ತು, ಅದರ ಮೇಲೊಂದು ಕರ್ಚೀಫು. ಕ್ಯಾಮೆರಾಗಳಿಂದ ನೋಡುವ ಮೇಲಿನ ಕೋಣೆಯವರಿಗೆ ಅದು ಸರಿಬರಲಿಲ್ಲ. ಕೆಳಗೆ ಯಂತ್ರಗಿಂತ್ರ ಇಟ್ಟುಕೊಂಡಿರಬಹುದೆಂದು ತೆಗೆಯಲು ಹೇಳಿಸಿದರು. ತೆಗೆದರು. ಯಂತ್ರ ಇರಲಿಲ್ಲ, ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಓಡಾಡುತ್ತಿತ್ತು. ಹಾಲಿನವನಿಂದ ಹಿಡಿದು ಬೀಗರವರೆಗೆ ಎಲ್ಲರೂ ಗೆಣ್ಣಿನ ಮೇಲೆ ಲೆಕ್ಕ ಹಾಕುವ ಊರಿನಿಂದ ಬಂದವಳಿಗೆ ಇದು ಏನೆಂದು ಯಾರೂ ಹೇಳಬೇಕಿರಲಿಲ್ಲ. ಈ ಮನುಷ್ಯ ಎಣಿಸುತ್ತಿದ್ದಾನೆ ಎಂದುಕೊಂಡೆ. ಒಳಗೊಳಗೆ ಹೆಮ್ಮೆಯೂ ಆಯಿತು.

ಮೇಲ್ವಿಚಾರಕಿ ನನ್ನನ್ನು ಪಕ್ಕಕ್ಕೆ ಕರೆದು, ಮೇಲಿನ ಕೋಣೆಯವರು ಕೇಳುತ್ತಿದ್ದಾರೆ, ಆತ ಎಣಿಸುತ್ತಾನೆಯೇ, ಯಾವ ಪದ್ಧತಿ, ನೋಡಿ ಹೇಳು ಎಂದಳು. ತರಬೇತಿಯಲ್ಲಿ ನಾನು ಎಲ್ಲರಿಗಿಂತ ಚುರುಕಿದ್ದೆ, ಅದಕ್ಕೆ ನನಗೆ ಬಂತು ಈ ಕೆಲಸ. ನಾನು ಅದನ್ನು ಪರೀಕ್ಷೆಯ ಪ್ರಶ್ನೆಯ ಹಾಗೆ ತೆಗೆದುಕೊಂಡೆ. ಎಲೆ ಹಂಚುತ್ತ ಮನಸ್ಸಿನಲ್ಲಿ ಹೈ-ಲೋ ನಡೆಸಿ ಅವರ ಹೆಬ್ಬೆರಳಿಗೆ ಹೊಂದಿಸಿ ನೋಡಿದೆ. ರಾಜ ಬಂದಾಗ ಬೆರಳು ಒಂದು ಗೆಣ್ಣು ಹಿಂದೆ ಬರಬೇಕು. ಬರಲಿಲ್ಲ. ಏಳು ಸೇರಿಸಿದ ಪದ್ಧತಿ ಹೊಂದಿಸಿದೆ, ಅಲ್ಲೂ ಕಳೆಯುವ ಎಲೆಗೆ ಹಿಂದೆ ಬರಲೇಬೇಕು, ಬರಲಿಲ್ಲ. ಎರಡೆರಡು ಕೂಡಿಸುವುದಾದರೆ ಬೆರಳು ಒಮ್ಮೊಮ್ಮೆ ಜಿಗಿಯಬೇಕು, ಅದು ಜಿಗಿಯಲೇ ಇಲ್ಲ. ಬರೀ ಎಕ್ಕಾ ಎಣಿಸುತ್ತಾರೋ ಎಂದರೆ ಡಬ್ಬಿಯಲ್ಲಿ ಇರುವ ಎಕ್ಕಾಗಳಿಗಿಂತ ಹೆಚ್ಚು ಸಲ ಬೆರಳು ಸರಿದಿರುತ್ತಿತ್ತು. ಇನ್ನೊಂದು ವಿಚಿತ್ರವೆಂದರೆ ನಡುಬೆರಳಿನ ಕೆಳಗಿನ ಎರಡು ಗೆಣ್ಣನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಪಣವೂ ಯಾವ ಲೆಕ್ಕಕ್ಕೂ ಸಿಗಲಿಲ್ಲ, ಸೋತಾಗ ಏರಿಸುತ್ತಿದ್ದರು. ನಮ್ಮ ಕಣ್ಣಿಗೆ ಮಣ್ಣೆರಚಲು ಬೇಕೆಂದೇ ಹೀಗೆ ಮಾಡುತ್ತಾರೆ, ಪಕ್ಕಾ ಆಸಾಮಿ ಎಂದು ನಾನು ಇನ್ನಷ್ಟು ಮೆಚ್ಚಿಕೊಂಡೆ.

ಒಂದು ಸಂಜೆ ಬ್ರೇಕಿನಲ್ಲಿ ಕಾಫಿ ಹಿಡಿದು ಹೊರಗೆ ಬಂದರೆ ಮುಂಬಾಗಿಲಿನ ಹತ್ತಿರದ ಬೆಂಚಿನ ಮೇಲೆ ಒಬ್ಬ ಆಂಟಿ ಕೂತಿದ್ದರು. ರೆಸ್ಟ್‌ಹೋಮಿನಲ್ಲಿ ಮುದುಕರನ್ನು ನೋಡಿಕೊಳ್ಳುವವರು ಹಾಕುವ ನೀಲಿ ಅಂಗಿ, ಮೇಲೆ ದಪ್ಪ ಜಾಕೆಟ್ಟು, ಹಣೆಯಲ್ಲಿ ಕುಂಕುಮ. ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ನಾ ಹೊರಗ ಕೂತೇನಿ. ಅವರು ಒಳಗ ಕೆಲಸದಾಗ ಇದ್ದಾರ."

ಫೋನಿಟ್ಟ ಮೇಲೆ ನಾನೇ ಕೇಳಿದೆ, "ಧಾರವಾಡ ಕಡೆಯವರೇನ್ರಿ ಆಂಟಿ?"

ಅವರ ಮುಖ ಅರಳಿತು. "ಧಾರವಾಡದವರ ನಾವು. ನೀ ಎಲ್ಲಿಯಾಕಿ?"

"ಹುಬ್ಬಳ್ಳ್ಯಾಕಿರಿ."

ನನ್ನ ಕಪ್ಪು ವೇಸ್ಟ್‌ಕೋಟು ನೋಡಿದರು. "ಇಲ್ಲೇ ಕೆಲಸೇನು? ಹಂಗಾರ ನಮ್ಮನಿಯವರನ್ನ ನೋಡೇ ಇರ್ತೀ. ಬೋಳು ತಲಿ, ಕನ್ನಡಕ. ಅವರು ಜೂಜು ಆಡಂಗಿಲ್ಲವಾ, ತಪ್ಪು ತಿಳೀಬ್ಯಾಡ. ಎಣಸ್ತಾರ. ಅದು ಬರೇ ಲೆಕ್ಕ."

ಆಮೇಲೆ ಅವರು ಹೇಳಿದ್ದನ್ನು ಕೇಳಿ ನಾನು ಕಾಫಿ ಕುಡಿಯುವುದನ್ನು ಮರೆತೆ. "ಮೊದಲ ಆ ಎರಡೆರಡು ಕೂಡಸೋದು ಹಿಡದಿದ್ರು. ಓದಲಿಕ್ಕೆ ಅದು ಭಾರಿ ಕಾಣಸ್ತದ, ಆದ್ರ ಒಂದು ಸಲ ಕೆಮ್ಮಿದ್ರ ತಪ್ಪಿ ಹೋಗ್ತದ. ಆಮ್ಯಾಲ ಏಳು ಹಿಡಿಯೋದು. ಅದರಾಗ ಭಾಗಾಕಾರ ಇಲ್ಲ ಖರೇ, ಆದ್ರ ಡಬ್ಬಿ ಅರ್ಧಾ ಆಗೂತನಕಾ ಅದರ ಮಾತು ನಂಬಲಿಕ್ಕೆ ಬರಂಗಿಲ್ಲ. ಕಡೀಕ ಹೈ-ಲೋನೇ ಛಲೋ ಅಂತ ನಾನ ಹೇಳಿದೆ. ದಿನಾ ಊಟಾ ಆದ ಮ್ಯಾಲ ನಾ ಎಲಿ ಹಾಕತೇನಿ, ಅವರು ಬಾಯಿಲೆ ಎಣಸ್ತಾರ. ನಾ ಮನಸಿನಾಗ ಎಣಿಸಿ ತಾಳೆ ನೋಡತೇನಿ. ಒಂದೂ ತಪ್ಪಂಗಿಲ್ಲ."

ನಮ್ಮ ತರಬೇತಿಯ ಕೋಣೆಯಲ್ಲಿ ವಾರಗಟ್ಟಲೆ ಹೇಳಿಕೊಟ್ಟದ್ದನ್ನು ಆಕೆ ಬೆಂಚಿನ ಮೇಲೆ ಕೂತು ಅಷ್ಟರಲ್ಲಿ ಮುಗಿಸಿದ್ದರು. ಆಮೇಲೆ ದನಿ ತಗ್ಗಿಸಿದರು. ಊರಾಚೆಯ ಹೊಸ ಬಡಾವಣೆಯಲ್ಲಿ ಇವರದೊಂದು ಮನೆ ಇದೆ. ಅದನ್ನು ಮಾರೋಣ ಎಂದು ಅಂಕಲ್ ಹಟ ಹಿಡಿದಿದ್ದಾರೆ. ಆ ದುಡ್ಡು ಕೈಗೆ ಬಂದರೆ ದೊಡ್ಡ ಪಣದ ಮೇಜಿಗೆ ಕೂರಬಹುದು, ಈಗಿರುವ ಅರ್ಧ ದಿನದ ನೌಕರಿಯನ್ನೂ ಬಿಟ್ಟು ಇದನ್ನೇ ಮಾಡಬಹುದು ಎನ್ನುತ್ತಾರೆ. ಮನೆ ಇಬ್ಬರ ಹೆಸರಿನಲ್ಲೂ ಇದೆ.

"ನಾ ಇನ್ನೂ ಸಹಿ ಮಾಡಿಲ್ಲವಾ," ಎಂದರು. "ಈಗೀಗ ಸೋತೇ ಬರ್ತಾರ. ಲೆಕ್ಕದಾಗ ಏರಿಳಿತ ಇರ್ತದ, ಕಡೀಕ ಬಂದ ಬರ್ತದ ಅಂತಾರ. ನೀ ಒಳಗ ನೋಡತಿರ್ತೀ. ಖರೇನ ಎಣಸ್ತಾರಲಾ?"

"ಒಳಗಿನ ಮಾತು ಹೊರಗ ಹೇಳಂಗಿಲ್ರಿ ಆಂಟಿ," ಎಂದೆ. ಅದೂ ನಿಯಮವೇ. ಆದರೆ ಹೌದು ಎನ್ನಲು ನಾಲಿಗೆಯ ತುದಿಯವರೆಗೆ ಬಂದಿತ್ತು, ಯಾಕೆಂದರೆ ಹೌದೆಂದೇ ನಾನೂ ನಂಬಿದ್ದೆ.

ಮರುದಿನ ಮಧ್ಯಾಹ್ನ ಅಂಕಲ್ ಎಂದಿನ ಜಾಗದಲ್ಲಿ ಕೂತರು. ಡಬ್ಬಿಯ ಎಲೆ ಮುಗಿಯಿತು. ಆ ಮೇಜಿನಲ್ಲಿ ಯಂತ್ರ ಇರಲಿಲ್ಲ, ಆರು ಪ್ಯಾಕನ್ನೂ ಕೈಯಲ್ಲೇ ಕಲಸಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಆಡುವವರು ಮೈಮುರಿಯುತ್ತಾರೆ, ಫೋನು ನೋಡುತ್ತಾರೆ. ಎಣಿಸುವವನಿಗಂತೂ ಅದು ವಿಶ್ರಾಂತಿ, ಎಣಿಸಲು ಮೇಜಿನ ಮೇಲೆ ಒಂದು ಎಲೆಯೂ ಇರುವುದಿಲ್ಲ. ಕಲಸುತ್ತ ಕಣ್ಣೆತ್ತಿದೆ. ಅಂಕಲ್ಲಿನ ಹೆಬ್ಬೆರಳು ನಡೆದೇ ಇತ್ತು. ಅದೇ ವೇಗ, ಅದೇ ದಾರಿ, ಅವೇ ಎರಡು ಗೆಣ್ಣು ಬಿಟ್ಟು.

ನನ್ನ ದಾದಿ, ಎಂದರೆ ಅಬ್ಬಾನ ತಾಯಿ, ನಮಾಜು ಮುಗಿಸಿ ಚಾಪೆಯ ಮೇಲೆ ಕೂತು ಅಲ್ಲಾಹನ ಹೆಸರು ಎಣಿಸುತ್ತಿದ್ದದ್ದು ಗೆಣ್ಣಿನ ಮೇಲೆಯೇ. ಯಾರು ಬಂದರೂ ಹೋದರೂ, ಹಾಲು ಉಕ್ಕಿದರೂ ಆಕೆಯ ಹೆಬ್ಬೆರಳು ಒಂದೇ ವೇಗದಲ್ಲಿ ಸಾಗುತ್ತಿತ್ತು. ಈ ಮನುಷ್ಯ ಎಲೆ ಎಣಿಸುತ್ತಿಲ್ಲ, ಜಪ ಮಾಡುತ್ತಿದ್ದಾರೆ. ಸೋಲುತ್ತ, ಒಳ್ಳೆಯ ಎಲೆ ಬರಲಿ ಎಂದು ದೇವರನ್ನು ಕರೆಯುತ್ತ, ಮತ್ತೆ ಪಣ ಏರಿಸುತ್ತಿದ್ದಾರೆ. ನನಗೆ ಕೆಟ್ಟ ಸಿಟ್ಟು ಬಂತು. ಇಷ್ಟು ದಿನ ಇಂಥವರ ಜಾಣತನ ಮೆಚ್ಚಿಕೊಂಡು ನಿಂತಿದ್ದೆನಲ್ಲ ಎಂದು ನನ್ನ ಮೇಲಲ್ಲ, ಅವರ ಮೇಲೆಯೇ ಸಿಟ್ಟು ಬಂತು.

ಪಾಳಿ ಮುಗಿಯುವುದರೊಳಗೆ ಮೇಲ್ವಿಚಾರಕಿಗೆ ಉತ್ತರ ಹೇಳಬೇಕಿತ್ತು. ಎಣಿಸುತ್ತಾರೆ ಎಂದು ಹೇಳಿಬಿಟ್ಟರೆ ಅವತ್ತೇ ಕಾಗದ ಕೊಟ್ಟು ಹೊರಗೆ ಕಳಿಸುತ್ತಾರೆ, ಸೋಲುವುದು ನಿಲ್ಲುತ್ತದೆ. ನಾಲಿಗೆ ಒಮ್ಮೆ ಆ ಕಡೆ ಹೊರಳಿತು. ಆದರೆ ಆ ಕಾಗದ ಹಿಡಿದು ಮನೆಗೆ ಹೋದರೆ ಏನಾಗುತ್ತದೆ ಎಂದು ಯೋಚಿಸಿದೆ. ನೋಡು, ನನ್ನ ಲೆಕ್ಕಕ್ಕೆ ಕ್ಯಾಸಿನೋದವರೇ ಹೆದರಿದರು ಎಂದು ಆಂಟಿಗೆ ತೋರಿಸುತ್ತಾರೆ. ಆಂಟಿ ಸಹಿ ಹಾಕುತ್ತಾರೆ. ಮನೆ ಮಾರಿದ ದುಡ್ಡು ಹಿಡಿದು ಇನ್ನೊಂದು ಊರಿನ ಕ್ಯಾಸಿನೋಗೆ ಬಸ್ಸು ಹತ್ತುತ್ತಾರೆ. ಎಣಿಸುವುದಿಲ್ಲ ಎಂದರೆ ಇಲ್ಲೇ ಕೂತು ಸೋಲುತ್ತಾರೆ. ಹಾಗಾಗಿ ಪೂರ್ತಿ ಹೇಳಿದೆ: ಎಣಿಸುವುದಿಲ್ಲ, ಪ್ರಾರ್ಥನೆ ಮಾಡುತ್ತಾರೆ, ಆಟ ಬಿಡಲು ಅವರ ಕೈಯಲ್ಲಿ ಆಗುತ್ತಿಲ್ಲ.

ಹಾಗಾದರೆ ಇದು ಮೇಲಿನ ಕೋಣೆಯವರ ಕೆಲಸವಲ್ಲ, ನಮ್ಮದು ಎಂದಳು ಮೇಲ್ವಿಚಾರಕಿ. ಆಟದ ಗೀಳು ಹತ್ತಿದವರನ್ನು ಗುರುತಿಸಿ, ಕೂರಿಸಿ ಮಾತಾಡಿ, ಬೇಕೆಂದರೆ ಅವರನ್ನು ಒಳಗೆ ಬಿಡದಂತೆ ಮಾಡುವುದು ಈ ದೇಶದಲ್ಲಿ ಕ್ಯಾಸಿನೋದವರ ಕರ್ತವ್ಯ. ಆಕೆ ಅದನ್ನು ಮನಸ್ಸಿಟ್ಟು ಮಾಡುವವಳು. ಅಂಕಲ್ ಮತ್ತೆ ಬಂದಾಗ ಮೇಜಿನಿಂದ ಎಬ್ಬಿಸಿ ಪಕ್ಕದ ಸಣ್ಣ ಕೋಣೆಗೆ ಕರೆದೊಯ್ದಳು, ಭಾಷೆಗೆ ಬೇಕಾದೀತು ಎಂದು ನನ್ನನ್ನೂ ಕರೆದಳು. ಟೀ ತರಿಸಿದಳು.

ನೀವು ತುಂಬಾ ಆಡುತ್ತಿದ್ದೀರಿ, ನಮಗೆ ಕಾಳಜಿ ಎಂದು ಆಕೆ ಶುರು ಮಾಡಿದ ಕೂಡಲೇ ಅಂಕಲ್ಲಿನ ಮುಖ ಕೆಂಪಾಯಿತು. ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದರು: ನಾನು ಆಡುತ್ತಿಲ್ಲ, ಎಣಿಸುತ್ತಿದ್ದೇನೆ. ಹೈ-ಲೋ. ಒಪ್ಪಿಕೊಂಡಿದ್ದೇನೆ. ನಿಮ್ಮ ಕಾಗದ ಕೊಡಿ, ಹೋಗುತ್ತೇನೆ.

ನಾನು ಅಲ್ಲಿದ್ದ ಅಷ್ಟು ವರ್ಷಗಳಲ್ಲಿ ಎಣಿಸಿದವರು ಎಣಿಸಲಿಲ್ಲ ಎಂದು ಆಣೆ ಮಾಡಿದ್ದನ್ನು ನೋಡಿದ್ದೆ. ಎಣಿಸಿದ್ದೇನೆ, ಹೊರಗೆ ಹಾಕಿ ಎಂದು ಬೇಡಿಕೊಂಡವರು ಇವರೊಬ್ಬರೇ. ಮೇಲ್ವಿಚಾರಕಿ ತರಬೇತಿಯ ಒಂದು ಪ್ಯಾಕು ತಂದು ನನ್ನ ಕೈಗಿಟ್ಟಳು. ನಾನು ಅರ್ಧ ಪ್ಯಾಕು ಎಲೆಯನ್ನು ಮೇಜಿನಲ್ಲಿ ಹಾಕುವ ವೇಗದಲ್ಲೇ ಒಂದೊಂದಾಗಿ ತಿರುಗಿಸಿ ಹಾಕಿದೆ. ಅವರ ತುಟಿ ಅಲುಗಲಿಲ್ಲ, ಹೆಬ್ಬೆರಳು ನಡೆಯಿತು. ನಿಲ್ಲಿಸಿ ಎಷ್ಟು ಎಂದು ಕೇಳಿದಾಗ ತಮ್ಮ ಕೈಯನ್ನೇ ನೋಡಿದರು. "ಒಂಬತ್ತು" ಎಂದರು. ನನ್ನ ಲೆಕ್ಕದಲ್ಲಿ ಮೊತ್ತ ಸೊನ್ನೆಗಿಂತ ಕೆಳಗಿತ್ತು. ಇನ್ನೊಮ್ಮೆ ಎಂದರು. ಇನ್ನೊಮ್ಮೆಯೂ ತಪ್ಪಿತು. ಆಗ ಮೊದಲ ಸಲ ನನ್ನ ಕಡೆ ತಿರುಗಿ ಕನ್ನಡದಲ್ಲಿ ಮಾತಾಡಿದರು. ನಾನು ಹುಬ್ಬಳ್ಳಿಯವಳು ಎಂದು ಆಂಟಿ ಹೇಳಿದ್ದರಂತೆ.

"ಮನ್ಯಾಗ ಬಾಯಿಲೆ ಎಣಸ್ತಿದ್ದೆ ಮಗಳ, ಬರೋಬ್ಬರಿ ಬರ್ತಿತ್ತು. ಇಲ್ಲಿ ತುಟಿ ಅಲಗಿಸಿದ್ರ ಹಿಡೀತಾರ ಅಂತ ಬೆರಳಿಗೆ ಹಾಕಿದೆ. ಸಣ್ಣಾಂವ ಇದ್ದಾಗ ಮುಂಜಿ ಆತು, ಅವತ್ತಿಂದ ಈ ಗೆಣ್ಣಿನ ಮ್ಯಾಲ ಗಾಯತ್ರಿ ಬಿಟ್ಟು ಇನ್ನೇನೂ ಎಣಿಸಿಲ್ಲ. ನಾಕೈದು ಎಲಿ ಸರಿ ಹೋಗ್ತದ. ಒಂದು ಸಲ ಸೋತ್ರ ಸಾಕು, ಹೆಬ್ಬಟ್ಟು ತನ್ನ ದಾರಿ ಹಿಡೀತದ."

"ಹಿಂದಕ ಎಣಿಸೋದು ಇರ್ತದಲ್ರಿ ಅಂಕಲ್, ರಾಜಾ ರಾಣಿ ಬಂದಾಗ?"

"ಜಪದಾಗ ಹಿಂದಕ ಹೆಂಗ ಹೋಗ್ತೀ? ನಡುಬೆರಳಿನ ಎರಡು ಗೆಣ್ಣು ಮೇರು, ಅದನ್ನ ದಾಟಂಗಿಲ್ಲ. ಕೈ ಕೇಳಂಗಿಲ್ಲವಾ."

"ಗೊತ್ತಾದ ಮ್ಯಾಲ ಎದ್ದು ಹೋಗಬೇಕಿತ್ತಲ್ರಿ."

"ನಡುವ ಬಿಟ್ಟು ಏಳಬಾರದು," ಎಂದರು. ಜಪವನ್ನು ಹೇಳಿದರೋ ಆಟವನ್ನೋ ಅವರಿಗೇ ತಿಳಿದಿರಲಿಲ್ಲ ಎಂದು ನನಗೆ ಅನಿಸಿತು. ಹರಡಿದ್ದ ಎಲೆಗಳನ್ನು ತಾವೇ ಒಟ್ಟುಮಾಡಿ, ಅಂಚು ಸರಿಮಾಡಿ ನನ್ನ ಕಡೆ ತಳ್ಳಿದರು. ಸಿಟ್ಟು ಇಳಿದು ನನಗೆ ಅವರ ಮೇಲೆ ಕನಿಕರ ಬಂತು.

ಮೇಲ್ವಿಚಾರಕಿ ಏನೆಂದು ಕೇಳಿದಳು, ಹೇಳಿದೆ. ಆಕೆ ಮೆಲ್ಲನೆ ಎಲ್ಲ ವಿವರಿಸಿದಳು: ತಾವಾಗಿಯೇ ಸಹಿ ಹಾಕಿದರೆ ಎರಡು ವರ್ಷ ಇಲ್ಲಿ ಒಳಗೆ ಬಿಡುವುದಿಲ್ಲ, ಮಾತಾಡಲು ಒಬ್ಬ ಸಲಹೆಗಾರರ ನಂಬರು ಕೊಡುತ್ತೇವೆ. ಅಂಕಲ್ ಬಹಳ ಹೊತ್ತು ಪೆನ್ನು ಹಿಡಿದುಕೊಂಡೇ ಕೂತಿದ್ದರು. ಆಮೇಲೆ ಸಹಿ ಹಾಕಿದರು. ಹಾಕುವಾಗ ತಲೆ ಎತ್ತದೆ ನನಗೆ ಹೇಳಿದರು, "ಆಕಿ ಹೊರಗ ಕಾಯ್ಲಿಕತ್ತಾಳ. ಎಣಸ್ತಿದ್ರು, ಅದಕ್ಕ ಹೊರಗ ಹಾಕಿದ್ರು ಅಂತ ಹೇಳವಾ. ಇನ್ನೇನೂ ಬ್ಯಾಡ ನನಗ. ಆಕಿ ಮುಂದ ತಲಿ ಎತ್ತಿ ನಿಂದರಬೇಕು."

ನಾನು ಸಹಿಯಾದ ಕಾಗದ ಎತ್ತಿ ಮೇಲ್ವಿಚಾರಕಿಗೆ ಕೊಟ್ಟೆ. ಕಾರಿನವರೆಗೆ ಜೊತೆಗೆ ಹೋಗು ಎಂದು ಮೇಲ್ವಿಚಾರಕಿ ನನಗೆ ಸನ್ನೆ ಮಾಡಿದಳು.

ಕಾರ್ ಪಾರ್ಕಿನಲ್ಲಿ ಗಾಳಿ ಬೀಸುತ್ತಿತ್ತು. ಆಂಟಿ ಕಾರಿಗೆ ಒರಗಿ ನಿಂತಿದ್ದರು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ನೆಟ್ಟಗೆ ನಿಂತರು. ಅಂಕಲ್ ಮುಂಚೆಯೇ ಹೇಳಿಬಿಟ್ಟರು, "ಹೊರಗ ಹಾಕಿದ್ರು. ಎಣಸೋದು ಗೊತ್ತಾತು."

ಆಂಟಿ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಹೌದೇನವಾ?"

ಒಳಗಿನ ಮಾತು ಹೊರಗೆ ಹೇಳಬಾರದೆಂಬ ನಿಯಮ ನನಗೆ ಚೆನ್ನಾಗಿ ನೆನಪಿತ್ತು. ಹೌದು ಎಂದರೆ ಅಂಕಲ್ಲಿನ ಮಾನ ಉಳಿಯುತ್ತದೆ, ಮನೆ ಹೋಗುತ್ತದೆ. "ಇಲ್ರಿ ಆಂಟಿ," ಎಂದೆ. "ಎಣಸ್ತಿರಲಿಲ್ಲ. ಒಂದು ದಿನಾನೂ ಎಣಿಸಿಲ್ಲ. ಸೋಲ್ತಿದ್ರು. ಇನ್ನ ಬರಂಗಿಲ್ಲ ಅಂತ ಅವರ ಸಹಿ ಮಾಡ್ಯಾರ. ಮನಿ ಮಾರಬ್ಯಾಡ್ರಿ."

ಅಂಕಲ್ ನನ್ನ ಕಡೆ ತಿರುಗಿದರು. "ನಮ್ಮೂರಾಕಿ ಅಂತ ನಂಬಿ ಹೇಳಿದ್ದೆ," ಎಂದಷ್ಟೇ ಹೇಳಿ ಕಾರಿನ ಆ ಬದಿಗೆ ಹೋಗಿ ಒಳಗೆ ಕೂತು ಬಾಗಿಲು ಹಾಕಿಕೊಂಡರು. ಆ ಮಾತು ನನಗೆ ಚುಚ್ಚಿತು. ಆದರೂ ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಬೇಕು ಅನಿಸಲಿಲ್ಲ. ಆಂಟಿ ಅಳಬಹುದು ಎಂದುಕೊಂಡು ನಾನು ಅಲ್ಲೇ ನಿಂತೆ.

ಅವರು ಅಳಲಿಲ್ಲ. ಜಾಕೆಟ್ಟಿನ ಜಿಪ್ಪು ಕತ್ತಿನವರೆಗೆ ಎಳೆದುಕೊಂಡರು. ಏನೋ ಯೋಚಿಸಿದರು. ಆಮೇಲೆ ಹತ್ತಿರ ಬಂದು, ಕಾರಿನೊಳಗೆ ಕೇಳಿಸದಂತೆ ದನಿ ಇಳಿಸಿ ಕೇಳಿದರು:

"ದಿನಾ ಎಲಿ ಹಾಕಿ ತಾಳೆ ನೋಡಿದಾಕಿ ನಾನು. ನನಗ ಒಂದು ಸಲಾನೂ ತಪ್ಪಿಲ್ಲ. ಬೆರಳೂ ಬೇಕಾಗಿಲ್ಲ, ಬಾಯೂ ಬೇಕಾಗಿಲ್ಲ. ಸೋತದ್ದು ಬಂದ್ರ ಸಾಕು, ಮತ್ತ ಈ ಕಡೆ ಹಾಯಂಗಿಲ್ಲ. ನಾ ಬಂದು ಕೂತ್ರ ಒಳಗ ಬಿಡ್ತಾರೇನು?"

ಅವರ ಕಣ್ಣಲ್ಲಿ ತಮಾಷೆ ಇರಲಿಲ್ಲ. ಸಹಿ ಇದ್ದದ್ದು ಅಂಕಲ್ ಒಬ್ಬರದೇ. ಈ ಹೆಂಗಸು ನಾಳೆ ಪಾಳಿ ಮುಗಿಸಿ ಅದೇ ನೀಲಿ ಅಂಗಿಯಲ್ಲಿ ಬಂದರೆ ಬಾಗಿಲಲ್ಲಿ ನಿಂತವನು ನಗುತ್ತಲೇ ಒಳಗೆ ಬಿಡುತ್ತಿದ್ದ.

"ಬಿಡಂಗಿಲ್ರಿ ಆಂಟಿ," ಎಂದೆ. "ಒಬ್ಬರು ಸಹಿ ಮಾಡಿದ್ರ ಮನಿ ಮಂದಿಗೆಲ್ಲಾ ಬಾಗಲಾ ಬಂದ್."

ಅಂಥ ನಿಯಮ ಯಾವುದೂ ಇರಲಿಲ್ಲ. ಆಂಟಿ ತಲೆಯಾಡಿಸಿ ಕಾರು ಹತ್ತಿದರು.